ನೀಶಿನ ದೀಪದ ಮೇಲೊಂದು ಆಣೆ

ಬಡಗಿಗಳ ಊರಾದ ದುಮ್ಯಾತ್‌ನಲ್ಲಿ ಮಂಚವಿಲ್ಲದೆ ಮದುವೆಯಾದರೂ ಆದೀತು, ನೀಶ್ ಇಲ್ಲದೆ ಆಗುವುದಿಲ್ಲ. ನೀಶ್ ಎಂದರೆ ಮದುಮಗಳ ಕಡೆಯವರು ಕೊಡುವ ಗಾಜಿನ ಬೀರು. ಅದರೊಳಗೆ ಪಿಂಗಾಣಿ ತಟ್ಟೆ, ಹರಳಿನ ಲೋಟ, ಬಂಗಾರದಂಚಿನ ಟೀ ಬಟ್ಟಲು ಸಾಲಾಗಿ ಕೂರುತ್ತವೆ. ಆ ತಟ್ಟೆಯಲ್ಲಿ ಯಾರೂ ಉಣ್ಣುವುದಿಲ್ಲ, ಆ ಬಟ್ಟಲಲ್ಲಿ ಯಾರೂ ಕುಡಿಯುವುದಿಲ್ಲ. ಬಂದವರು ನೋಡಬೇಕು, ಅಷ್ಟೇ. ನೋಡುವುದಕ್ಕೆಂದೇ ಇಟ್ಟದ್ದು ಕತ್ತಲಲ್ಲಿದ್ದರೆ ಏನು ಬಂತು ಭಾಗ್ಯ? ಹಾಗಾಗಿ ನೀಶಿಗೆ ದೀಪ ಬೇಕು, ದೀಪ ಕೂರಿಸಲು ಮೆತ್ವಲ್ಲಿ ಎಂಬ ಕೆಲಸಗಾರ ಬೇಕು.

ಊರು ಅವನನ್ನು ಉಸ್ತಾ ಮೆತ್ವಲ್ಲಿ ಎಂದು ಕರೆಯುತ್ತದೆ. ಕೆಲಸ ಬಲ್ಲವನನ್ನು ಮಾತ್ರ ಉಸ್ತಾ ಅನ್ನುತ್ತಾರೆ, ಮೊಳೆ ಹೊಡೆಯಲು ಬರುವವರನ್ನೆಲ್ಲ ಅಲ್ಲ. ವಯಸ್ಸು ಐವತ್ತೊಂಬತ್ತು, ತಲೆ ಪೂರ್ತಿ ಬೋಳು, ಬೆರಳುಗಳು ಮಾತ್ರ ಇನ್ನೂ ಇಪ್ಪತ್ತರ ಹುಡುಗನವು. ಎಲ್‌ಇಡಿ ಪಟ್ಟಿ ಬಂದ ಹೊಸದರಲ್ಲಿ ಊರೆಲ್ಲ “ಇದು ತಣ್ಣನೆಯ ಬೆಳಕು, ಬಿಸಿಯೇ ಇಲ್ಲ” ಎಂದು ಕುಣಿದಿತ್ತು. ಎಲ್ಲರೂ ಪಟ್ಟಿಯನ್ನು ನೇರವಾಗಿ ಮರಕ್ಕೇ ಅಂಟಿಸಿದರು, ಮೆತ್ವಲ್ಲಿಯೂ ಅಂಟಿಸಿದ. ಬೇಸಿಗೆ ಕಳೆಯುವುದರೊಳಗೆ ಪಟ್ಟಿಗಳು ಅಂಟು ಬಿಟ್ಟು, ತಟ್ಟೆಗಳ ಮೇಲೆ ಶಾವಿಗೆಯ ಹಾಗೆ ಜೋತುಬಿದ್ದವು. ಬೆಳಕು ತಣ್ಣಗಿದ್ದದ್ದು ನಿಜ, ಅದರ ಬೆನ್ನು ಸುಡುತ್ತಿತ್ತು. ಮರ ಆ ಬಿಸಿಯನ್ನು ತೆಗೆದುಕೊಳ್ಳುವುದಿಲ್ಲ. ಅಲ್ಯೂಮಿನಿಯಂ ತೆಗೆದುಕೊಳ್ಳುತ್ತದೆ, ತಾನು ಉದ್ದಕ್ಕೂ ಹಂಚಿಕೊಂಡು ಗಾಳಿಗೆ ಬಿಡುತ್ತದೆ. ಅಂದಿನಿಂದ ಮೆತ್ವಲ್ಲಿ ಕಾಲುವೆಯಾಕಾರದ ಅಲ್ಯೂಮಿನಿಯಂ ಚಾನೆಲ್ ಇಲ್ಲದೆ ಒಂದು ಗೇಣು ಪಟ್ಟಿಯನ್ನೂ ಹಾಕಿದವನಲ್ಲ. ಪಟ್ಟಿಯನ್ನು ಚಾನೆಲಿನ ತಳಕ್ಕೆ ಅಂಟಿಸಿ, ಮೇಲೆ ಹಾಲುಬಣ್ಣದ ಮುಚ್ಚಳ ಒತ್ತಿದರೆ ಕೆಲಸ ಮುಗಿಯಿತು.

“ಬೆಳಕು ಮುಂದಕ್ಕೆ ಹೋಗುತ್ತೆ, ಬಿಸಿ ಹಿಂದಕ್ಕೆ ಹೋಗುತ್ತೆ. ಮುಂದೆ ಹೋಗೋದಕ್ಕೆ ಎಲ್ರೂ ದಾರಿ ಬಿಡ್ತೀರಿ. ಹಿಂದೆ ಹೋಗೋದಕ್ಕೂ ಬಿಡ್ರಪ್ಪ” ಎಂದು ಬಡಗಿಗಳಿಗೆಲ್ಲ ಉಪದೇಶ ಮಾಡುತ್ತಿದ್ದ. ಪಟ್ಟಿ ಅಂಟಿಸುವ ಮುಂಚೆ ಚಾನೆಲಿನ ತಳವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಹೆಬ್ಬೆರಳಿನ ಉಗುರನ್ನು ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಲೋಹ ಕಿರ್ ಎನ್ನಬೇಕು. ಕಿರ್ ಎನ್ನದಿದ್ದರೆ ನಡುವೆ ಏನೋ ಇದೆ ಎಂದರ್ಥ. ಇದು ಅವನು ಊರಿಗೆ ಹೇಳಿಕೊಟ್ಟ ಪಾಠ.

ಈ ಸಲ ನೀಶ್ ಅವನ ಸ್ವಂತ ಮಗಳದು. ರಬಾಬ್ ಒಬ್ಬಳೇ ಮಗಳು. ಗಂಡು ಐಮನ್, ಹಾಜಿ ಶೆಹಾತಾನ ಎರಡನೆಯ ಮಗ. ಶೆಹಾತಾ ಯಾರು ಎಂದರೆ, ಮೆತ್ವಲ್ಲಿಗೆ ಹದಿನೈದು ವರ್ಷದಿಂದ ಪಟ್ಟಿಯನ್ನೂ ಚಾನೆಲನ್ನೂ ಮಾರುತ್ತಿರುವ ಅಂಗಡಿಯವನೇ. ಹೀಗೆ ಮಾಲು ಕೊಡುವವನೂ ಕೆಲಸ ಮಾಡುವವನೂ ಬೀಗರಾದರು. ನೀಶಿಗೆ ಶೆಹಾತಾ ತನ್ನ ಅಂಗಡಿಯಲ್ಲಿದ್ದ ಅತಿ ಪ್ರಕಾಶದ ಪಟ್ಟಿಯನ್ನೇ ಕೊಟ್ಟ, ಬಂಗಾರದ ಬಣ್ಣದ ಚಾನೆಲನ್ನೇ ಆರಿಸಿದ. ಸಾಮಾನು ಸಾಗಿಸುವ ಹಿಂದಿನ ಸಂಜೆ ಮೆತ್ವಲ್ಲಿ ತನ್ನ ಮನೆಯಲ್ಲೇ ಚಾನೆಲ್‌ಗಳನ್ನು ಕೂರಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಬೆಳಿಗ್ಗೆ ಪಟ್ಟಿ ಅಂಟಿಸಿದರಾಯಿತು ಎಂದು ಬಿಟ್ಟ.

ಬೆಳಿಗ್ಗೆ ಎದ್ದರೆ ಬೀದಿ ತುಂಬ ಲಾರಿ. ಮದುಮಗಳ ಸಾಮಾನನ್ನು ನಾವು ಕದ್ದುಮುಚ್ಚಿ ಸಾಗಿಸುವವರಲ್ಲ. ಫ್ರಿಜ್ಜು, ಹಾಸಿಗೆ, ಸೋಫಾ ಎಲ್ಲವನ್ನೂ ತೆರೆದ ಲಾರಿಗಳಲ್ಲಿ ಹೇರಿ, ಡೋಲು ಬಡಿದು, ಹಾರ್ನ್ ಹೊಡೆದು ಊರೆಲ್ಲ ಸುತ್ತಿಸುತ್ತೇವೆ. ಹೆಂಗಸರು ನಾಲಿಗೆ ಹೊರಳಿಸಿ ಸಂತೋಷದ ಉಲಿ ಹಾಕುತ್ತಿದ್ದರು, ಡ್ರೈವರುಗಳು ಹಾರ್ನಿನಿಂದ ಕೈ ತೆಗೆಯುತ್ತಿರಲಿಲ್ಲ, ಶೆಹಾತಾನ ತಮ್ಮಂದಿರು “ಉಸ್ತಾ, ಇನ್ನೂ ಆಗಿಲ್ವಾ? ಮಗಳಿಗೆ ಮಗು ಆಗೋ ಹೊತ್ತಿಗಾದ್ರೂ ಆಗುತ್ತಾ?” ಎಂದು ಬಾಗಿಲಲ್ಲೇ ನಿಂತು ಕಿಚಾಯಿಸುತ್ತಿದ್ದರು. ಮೆತ್ವಲ್ಲಿ ಬೇಗಬೇಗನೆ ಪಟ್ಟಿ ಅಂಟಿಸಿ, ಮುಚ್ಚಳ ಒತ್ತಿ, ಸ್ವಿಚ್ ಹಾಕಿದ. ನೀಶ್ ಝಗ್ ಎಂದಿತು. ಹೆಂಗಸರ ಉಲಿ ಮೂರು ಬೀದಿಗೆ ಕೇಳಿಸಿತು. ಅವನ ಹೆಂಡತಿ ಇನ್ಶಿರಾ ಕಣ್ಣೊರೆಸಿಕೊಂಡಳು.

ಇನ್ಶಿರಾಳ ಬಗ್ಗೆ ಎರಡು ಸಂಗತಿ ಹೇಳಿಬಿಡಬೇಕು. ಒಂದು, ಅವಳಿಗೆ ಹೊಸ ವಸ್ತು ಹೊಸದಾಗಿಯೇ ಇರಬೇಕು. ಪಾರದರ್ಶಕ ಅಂಟು ಹಾಳೆ ಬರುತ್ತದಲ್ಲ, ಮಕ್ಕಳ ಪುಸ್ತಕಕ್ಕೂ ಅಡುಗೆಮನೆಯ ಕಪಾಟಿಗೂ ಹಾಕುವುದು, ಅದರ ಸುರುಳಿ ಸದಾ ಅವಳ ಕಂಕುಳಲ್ಲಿ. ಟೀವಿ ರಿಮೋಟಿಗೆ ಹಾಳೆ, ಫ್ರಿಜ್ಜಿನ ಹಿಡಿಗೆ ಹಾಳೆ, ಮೇಜಿನ ಕಾಲಿಗೂ ಹಾಳೆ. ಆ ಮನೆಯಲ್ಲಿ ಹಾಳೆ ಕಾಣದೆ ಉಳಿದದ್ದು ಮೆತ್ವಲ್ಲಿಯ ಬೋಳುತಲೆಯೊಂದೇ ಎಂದು ಪಕ್ಕದ ಮನೆಯವರು ನಗುತ್ತಿದ್ದರು. ನಕ್ಕವರ ಮನೆಯ ಸೋಫಾದ ಮೇಲೂ ಪ್ಲಾಸ್ಟಿಕ್ ಇತ್ತು ಬಿಡಿ, ಅದು ಬೇರೆ ಮಾತು.

ಎರಡನೆಯದು ನಗುವಂಥದ್ದಲ್ಲ. ನಮ್ಮ ಗಂಡಸರಿಗೆ ಒಂದು ಕೆಟ್ಟ ಚಾಳಿ ಇದೆ. ಮಾತೆತ್ತಿದರೆ “ತಲಾಖ್ ನನ್ನ ಮೇಲೆ!” ಎನ್ನುತ್ತಾರೆ, ಅಂದರೆ ಮಾತು ಸುಳ್ಳಾದರೆ ಹೆಂಡತಿಯನ್ನು ಬಿಟ್ಟಂತೆ. ಇನ್ನೊಂದು ತುತ್ತು ತಿನ್ನದಿದ್ದರೆ ತಲಾಖ್, ಚಹದ ಬಿಲ್ಲು ನಾನೇ ಕೊಡದಿದ್ದರೆ ತಲಾಖ್. ಹೆಂಡತಿ ಮನೆಯಲ್ಲಿ ಬಾತುಕೋಳಿಗೆ ಈರುಳ್ಳಿ ತುಂಬುತ್ತಿರುತ್ತಾಳೆ, ಇವನು ಚಹದಂಗಡಿಯಲ್ಲಿ ಅವಳನ್ನು ಪಣಕ್ಕಿಟ್ಟಿರುತ್ತಾನೆ. ಹೆಚ್ಚಿನ ಸಲ ಅದು ಗಾಳಿಮಾತು. ಇನ್ಶಿರಾಳ ತಂದೆ ಮಾತ್ರ ಒಂದು ಮೀನು ಮೂರು ಕಿಲೋ ಇದೆ ಎಂದು ಹಾಗೆ ಆಣೆ ಹಾಕಿದ. ತಕ್ಕಡಿ ಇಲ್ಲ ಎಂದಿತು. ಆಡಿದ ಮಾತು ಹಿಂದೆಗೆದುಕೊಂಡರೆ ಮೀಸೆ ಮಣ್ಣಾಗುತ್ತದೆಂದು ಹಟ ಹಿಡಿದು, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ನದಿಯಾಚೆಯ ಬುರ್ಜ್‌ಗೆ, ತವರಿಗೆ ಅಟ್ಟಿದ. ಇನ್ಶಿರಾಳಿಗೆ ಆಗ ಏಳು ವರ್ಷ. ಮೆತ್ವಲ್ಲಿ ಹೆಣ್ಣು ಕೇಳಲು ಹೋದಾಗ ಅವಳು ಕೇಳಿದ್ದು ಒಂದೇ: “ಆ ಆಣೆ ನಿನ್ನ ಬಾಯಲ್ಲಿ ಬರಬಾರ್ದು. ಬಂದು, ನಿನ್ನ ಮಾತು ತಪ್ಪಾಗಿದ್ರೆ, ನಾನು ಮಸೀದಿಯ ಯಾವ ಶೇಖರನ್ನೂ ಕೇಳಲ್ಲ, ಎದ್ದು ಹೋಗ್ತೀನಿ.” ಮೂವತ್ತೊಂದು ವರ್ಷ ಅವನ ಬಾಯಲ್ಲಿ ಅದು ಬಂದಿರಲಿಲ್ಲ. ಬೇರೆ ಎಲ್ಲ ಬಂದಿತ್ತು, ಅದೊಂದು ಬಂದಿರಲಿಲ್ಲ.

ಮದುವೆಯಾಗಿ ಮೂರು ವಾರಕ್ಕೆ ರಬಾಬ್ ಫೋನು ಮಾಡಿದಳು.

“ಅಪ್ಪ, ನೀಶಿನ ಎಡಗಡೆ ಮೂರು ದೀಪ ಆರಿಹೋಗಿದೆ.”

“ಅಡಾಪ್ಟರ್ ವೈರು ಸಡಿಲ ಆಗಿರ್ಬೇಕು, ಒತ್ತಿ ನೋಡು.”

ಒತ್ತಿದರೂ ಹತ್ತಲಿಲ್ಲ. ಮಾರನೆಯ ದಿನ ಆರು ದೀಪ, ಅದರ ಮಾರನೆಯ ದಿನ ಒಂಬತ್ತು. ಉಳಿದವು ಹಳದಿಗಟ್ಟಿದವು. ಮೂರು ಮೂರೇ ಸಾಯುತ್ತಿವೆ, ಬಣ್ಣ ಬದಲಾಗುತ್ತಿದೆ ಎಂದರೆ ವೈರಿನ ಕಾಯಿಲೆಯಲ್ಲ, ಬಿಸಿಯ ಕಾಯಿಲೆ. ಇದು ಮೆತ್ವಲ್ಲಿಗೆ ಕಣ್ಣು ಮುಚ್ಚಿಕೊಂಡೇ ಗೊತ್ತು. ಹೊಸ ಸೊಸೆಯನ್ನು ನೋಡಲು ಬರುವವರಿಗಾಗಿ ಅತ್ತೆ ಹಾಜ್ಜಾ ತಹಿಯ್ಯಾ ಆ ದೀಪವನ್ನು ಹಗಲೂ ಉರಿಸುತ್ತಿದ್ದಳು. ಉರಿಸಲಿ, ಸರಿಯಾದ ಚಾನೆಲಿನಲ್ಲಿ ಕೂತ ಒಳ್ಳೆ ಪಟ್ಟಿ ಹಗಲಿರುಳು ಉರಿದರೂ ಹೀಗೆ ಸಾಯುವುದಿಲ್ಲ. ಹಾಗಾದರೆ ಪಟ್ಟಿಯೇ ಒಳ್ಳೆಯದಲ್ಲ. ಒಳಗಿನ ತಾಮ್ರ ತೆಳ್ಳಗಿರಬೇಕು. ಮೆತ್ವಲ್ಲಿ ಲೆಕ್ಕ ಹಾಕಿ ಮುಗಿಸಿಬಿಟ್ಟ. ತನ್ನ ಕೈಯನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳಲೇ ಇಲ್ಲ.

ತಹಿಯ್ಯಾಳ ನಾಲಿಗೆ ಊರಿಗೇ ಗೊತ್ತಿದ್ದದ್ದು. “ನಮ್ಮ ಸೊಸೆ ನೀಶಿಗೆ ಕಾಮಾಲೆ ಆಗಿದೆ ಕಣ್ರೇ” ಎಂದು ಬಂದವರಿಗೆಲ್ಲ ಹೇಳಿದಳು. “ಅವರಪ್ಪ ಊರಿಗೆಲ್ಲ ವೈದ್ಯ, ಮನೆ ರೋಗಿನ ನೋಡೋಕೆ ಪುರುಸೊತ್ತಿಲ್ಲ.” ರಬಾಬ್ ಅಡುಗೆಮನೆಗೆ ಹೋಗಿ ಅತ್ತಳು. ಆ ಸುದ್ದಿಯೂ ಮೆತ್ವಲ್ಲಿಗೆ ಬಂದು ಮುಟ್ಟಿತು.

ಮಂಗಳವಾರ ಸಂಜೆಯ ನಮಾಜಿನ ನಂತರ ಬಡಗಿಗಳು ಕೂರುವ ಚಹದಂಗಡಿಯಲ್ಲಿ ಬೀಗರಿಬ್ಬರೂ ಎದುರಾದರು. ಶೆಹಾತಾ ಹುಕ್ಕಾ ಎಳೆಯುತ್ತ ಕೂತಿದ್ದ. ಒಳ್ಳೆ ಮನುಷ್ಯ, ಆದರೆ ತನ್ನ ಮಾಲಿನ ಮಾತು ಬಂದರೆ ತಡೆದುಕೊಳ್ಳುವವನಲ್ಲ.

“ಬೀಗರೇ, ಈ ಸಲದ ಪಟ್ಟಿ ಎಲ್ಲಿಂದ ತರಿಸಿದ್ರಿ?” ಎಂದ ಮೆತ್ವಲ್ಲಿ, ನಯವಾಗಿಯೇ.

“ಯಾವಾಗ್ಲೂ ತರಿಸೋ ಕಡೆಯಿಂದಲೇ. ಯಾಕೆ?”

“ತಾಮ್ರ ತೆಳ್ಳಗಿದೆ. ಬಿಸಿ ತಡೀತಿಲ್ಲ.”

ಶೆಹಾತಾ ನಳಿಗೆಯನ್ನು ಬಾಯಿಂದ ತೆಗೆದ. “ಅದೇ ಸುರುಳಿಯಿಂದ ಹನ್ನೊಂದು ಮನೆಗೆ ಕೊಟ್ಟಿದೀನಿ. ಹನ್ನೊಂದೂ ಉರೀತಿದೆ. ನಿಮ್ಮೊಬ್ರ ಮಗಳ ಮನೇಲಿ ಮಾತ್ರ ತಾಮ್ರ ತೆಳ್ಳಗಾಯ್ತಾ?”

“ಹಂಗಂದ್ರೆ?”

“ಹಂಗಂದ್ರೆ ಏನೂ ಇಲ್ಲಪ್ಪ. ವಯಸ್ಸು ಎಲ್ರಿಗೂ ಆಗುತ್ತೆ. ಕಣ್ಣು ಮಂಜಾಗುತ್ತೆ, ಕೈ ನಡುಗುತ್ತೆ. ಕೆಲಸ ಕಿರಿಯರಿಗೆ ಬಿಟ್ಟು ಇಲ್ಲಿ ಬಂದು ಕೂತ್ಕೊಳ್ಳಿ, ಚಹ ನನ್ನ ಲೆಕ್ಕ.”

ಸುತ್ತಲಿನ ಹತ್ತು ಹದಿನೈದು ಬಡಗಿಗಳು ನಕ್ಕರು. ಅದರಲ್ಲಿ ಅರ್ಧ ಮಂದಿ ಮೆತ್ವಲ್ಲಿಯಿಂದ ಉಗುರಿನ ಪಾಠ ಕಲಿತವರು. ಅವರು ನಕ್ಕದ್ದೇ ಅವನಿಗೆ ತಾಗಿತು. ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದುನಿಂತ.

“ತಪ್ಪು ನನ್ನ ಕೈಯದಾಗಿದ್ರೆ ತಲಾಖ್ ನನ್ನ ಮೇಲೆ!” ಎಂದ. “ಶುಕ್ರವಾರ ನಮಾಜಾದ್ಮೇಲೆ ನಿಮ್ಮೆದುರೇ ಬಿಚ್ತೀನಿ. ಮಾಲು ಯಾರದು ಕೈ ಯಾರದು ಅಂತ ಆಗ ನೋಡೋಣ.”

ಬೇರೆ ಯಾರಾದರೂ ಅಂದಿದ್ದರೆ ನಗು ಮುಂದುವರಿಯುತ್ತಿತ್ತು. ಮೆತ್ವಲ್ಲಿಯ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ, ಇನ್ಶಿರಾಳ ತಾಯಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಶೆಹಾತಾನೇ ತಬ್ಬಿಬ್ಬಾಗಿ, “ಏ ಮಾರಾಯ, ಆ ಮಾತು ಯಾಕೆ? ದೇವರ ಕ್ಷಮೆ ಕೇಳು, ಕೂತ್ಕೋ” ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೆತ್ವಲ್ಲಿ ಕೂರಲಿಲ್ಲ, ಮನೆಗೆ ನಡೆದ.

ಅವನು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ಇನ್ಶಿರಾ ಅಡುಗೆಮನೆಯಲ್ಲಿ ನಿಂತು ಬೆಂಡೆಕಾಯಿಯ ತೊಟ್ಟು ಕತ್ತರಿಸುತ್ತಿದ್ದಳು. ತಿರುಗಿ ನೋಡಲಿಲ್ಲ.

“ಅಂದೆಯಂತೆ.”

“ಬಾಯಿಗೆ ಬಂತು, ರಬಾಬಳ ಅವ್ವ. ಅವ್ರೆಲ್ಲ ನಕ್ರು.”

“ನಮ್ಮಪ್ಪಂಗೂ ಬಾಯಿಗೇ ಬಂದಿದ್ದು.”

ಅವಳು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಈಗ ಅವನ ಕಡೆ ತಿರುಗಿದಳು.

“ನಿನ್ನ ನಾಲಿಗೆ ಮೇಲೆ ನಂಬಿಕೆ ಹೋಯ್ತು. ನಿನ್ನ ಕೈ ಮೇಲೆ ಇನ್ನೂ ಇದೆ. ಮೂವತ್ತೊಂದು ವರ್ಷ ನೋಡಿದೀನಿ, ಆ ಕೈ ಕೆಲಸದಲ್ಲಿ ತಪ್ಪಲ್ಲ. ಅದಕ್ಕೇ ಇನ್ನೂ ಈ ಮನೇಲಿ ನಿಂತಿದೀನಿ. ಶುಕ್ರವಾರ ಪಟ್ಟಿದೇ ತಪ್ಪು ಅಂತಾದ್ರೆ ನಾನೂ ಮರೀತೀನಿ, ನೀನೂ ಮರಿ. ನಿನ್ನ ಕೈದು ಅಂತಾದ್ರೆ ಬುರ್ಜ್‌ನಲ್ಲಿರೋ ಅಣ್ಣನ ಮನೆಗೆ ಹೋಗ್ತೀನಿ.”

ಬುಧವಾರ, ಗುರುವಾರ ಆ ಮನೆಯಲ್ಲಿ ಮಾತು ಉಪ್ಪು ಕೊಡು, ನೀರು ಕೊಡು ಎನ್ನುವಷ್ಟಕ್ಕೆ ಇಳಿಯಿತು. ಗುರುವಾರ ಮಧ್ಯಾಹ್ನದ ನಂತರ ಮೆತ್ವಲ್ಲಿ ಮಸೀದಿಯ ಶೇಖ್ ಬಸ್ಯೂನಿಯ ಹತ್ತಿರ ಹೋಗಿ ಎಲ್ಲ ಹೇಳಿಕೊಂಡ. ಶೇಖರು ಗಡ್ಡ ನೀವಿಕೊಂಡು ಕೇಳಿದರು: “ಹೆಂಡತೀನ ಬಿಡೋ ಉದ್ದೇಶ ಇತ್ತಾ?”

“ಅಯ್ಯೋ, ಇಲ್ಲ! ಗೆಲ್ಲೋ ಉದ್ದೇಶ ಇತ್ತು.”

“ಹಂಗಾದ್ರೆ ಅದು ತಲಾಖ್ ಅಲ್ಲ, ಬರೀ ಆಣೆ. ತಪ್ಪು ನಿನ್ನದಲ್ಲ ಅಂದ್ರೆ ಆಣೆ ಉಳೀತು. ನಿನ್ನದೇ ಆದ್ರೆ ಹತ್ತು ಜನ ಬಡವ್ರಿಗೆ ಊಟ ಹಾಕು, ನಾಲಿಗೆ ತೊಳ್ಕೊ.”

ಮೆತ್ವಲ್ಲಿ ಹಗುರಾಗಿ ಮನೆಗೆ ಬಂದು ಇದನ್ನು ಹೇಳಿದ. ಇನ್ಶಿರಾ ಕೇಳಿಸಿಕೊಂಡಳು.

“ಶೇಖರು ನಿನ್ನ ನಾಲಿಗೆ ತೊಳೀತಾರೆ. ನನ್ನ ಕಿವಿ ಯಾರು ತೊಳೀತಾರೆ?” ಎಂದಳು.

ಶುಕ್ರವಾರ ನಮಾಜು ಮುಗಿಸಿ ಎಲ್ಲರೂ ರಬಾಬಳ ಮನೆಯಲ್ಲಿ ಸೇರಿದರು. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಶೆಹಾತಾ ಸೋಫಾದ ಪ್ಲಾಸ್ಟಿಕ್ಕಿನ ಮೇಲೆ ಸದ್ದು ಮಾಡುತ್ತ ಕೂತ. ಪಕ್ಕದಲ್ಲಿ ತಹಿಯ್ಯಾ, ಎದುರು ಕುರ್ಚಿಯಲ್ಲಿ ಇನ್ಶಿರಾ, ಮಡಿಲಲ್ಲಿ ಕೈಚೀಲ. ಬಾಗಿಲ ಹತ್ತಿರ ರಬಾಬ್ ಮತ್ತು ಐಮನ್. ಇಬ್ಬರ ಮುಖದಲ್ಲೂ ರಕ್ತವಿಲ್ಲ. ಮದುವೆಯಾಗಿ ಒಂದು ತಿಂಗಳಿಲ್ಲ, ಆಗಲೇ ತಂದೆಯರಿಬ್ಬರೂ ತಮ್ಮ ಮನೆಯಲ್ಲಿ ಪಂಚಾಯಿತಿ ಹೂಡಿದ್ದರು.

ನೀಶಿನ ಎಡಗಡೆ ಪೂರ್ತಿ ಕತ್ತಲು. ಬಲಗಡೆ ಹಳೇ ಬೆಣ್ಣೆಯ ಬಣ್ಣ.

ಮೆತ್ವಲ್ಲಿ ಸ್ವಿಚ್ ಆರಿಸಿದ. ಗಾಜಿನ ಬಾಗಿಲು ತೆರೆದು ಬಲಗಡೆಯ ಅಲ್ಯೂಮಿನಿಯಂ ಚಾನೆಲಿನ ಹೊರಮೈಯನ್ನು ಬೆರಳಿಂದ ಮುಟ್ಟಿದ. ಬೆಳಗಿನಿಂದ ಉರಿದ ದೀಪ, ಚಾನೆಲ್ ಬೆಚ್ಚಗಿರಬೇಕಿತ್ತು. ತಣ್ಣಗಿತ್ತು. ಲೋಹ ತಣ್ಣಗಿದೆ ಎಂದರೆ ಬಿಸಿ ಲೋಹವನ್ನು ತಲುಪೇ ಇಲ್ಲ. ತಾಮ್ರದ ತಪ್ಪಾಗಿದ್ದರೆ ಹೀಗಾಗುತ್ತಿರಲಿಲ್ಲ.

ಎಲ್ಲರಿಗೂ ಬೆನ್ನು ಕೊಟ್ಟು ನಿಂತೇ ಹಾಲುಬಣ್ಣದ ಮುಚ್ಚಳವನ್ನು ಎಳೆದ. ಪಟ್ಟಿ ತಳ ಬಿಟ್ಟು ಮೇಲೆದ್ದು ನಿಂತಿತ್ತು. ಅದರ ಬೆನ್ನಿಗೆ, ಬಿಸಿಗೆ ಮುದುರಿ ಕಂದುಗಟ್ಟಿದ ಒಂದು ಪಾರದರ್ಶಕ ಹಾಳೆ. ಅಷ್ಟಗಲ, ಅಷ್ಟುದ್ದ, ಚಾನೆಲಿನ ತಳಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕತ್ತರಿಸಿ ಕೂರಿಸಿದ ಹಾಳೆ. ಮುದುರದ ತುದಿಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಇಡೀ ದುಮ್ಯಾತಿನಲ್ಲಿ ಅಂಟು ಹಾಳೆಯನ್ನು ಇಷ್ಟು ಚೊಕ್ಕವಾಗಿ ಹಾಕುವ ಕೈ ಒಂದೇ ಇತ್ತು, ಅದು ಈಗ ಅವನ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಕೈಚೀಲ ಹಿಡಿದು ಕೂತಿತ್ತು.

ಏನಾಯಿತೆಂದು ಅವನಿಗೆ ಕಣ್ಣಿಗೆ ಕಟ್ಟಿದಂತಾಯಿತು. ಆ ಸಂಜೆ ಅವನು ಸ್ಪಿರಿಟ್ ಒರೆಸಿ ಮಲಗಲು ಹೋದ. ಇನ್ಶಿರಾ ನೀಶಿನ ಕೆಳಗಿನ ಡ್ರಾಯರುಗಳಿಗೆ ಹಾಳೆ ಹಾಕುತ್ತಿದ್ದಳು. ಚಾನೆಲಿನ ಬಂಗಾರದ ಬಣ್ಣ ಥಳಥಳ ಹೊಳೆಯುತ್ತಿತ್ತು. ಮಗಳ ನೀಶು, ಗೀರು ಬೀಳಬಾರದು, ಹೊಸದು ಹೊಸದಾಗಿಯೇ ಇರಬೇಕು. ಅದಕ್ಕೂ ಒಂದು ಹಾಳೆ ಎಳೆದುಬಿಟ್ಟಳು. ಬೆಳಿಗ್ಗೆ ಡೋಲಿನ ಗಲಾಟೆಯಲ್ಲಿ ಮೆತ್ವಲ್ಲಿ ಅದರ ಮೇಲೆಯೇ ಪಟ್ಟಿ ಅಂಟಿಸಿದ. ಬಿಸಿಯ ಹಿಂದಿನ ದಾರಿಗೆ ಬಾಗಿಲು ಹಾಕಿದಂತಾಯಿತು.

ಬಿಸಿ ತುಪ್ಪ ಬಾಯಲ್ಲಿ, ನುಂಗುವಂತಿಲ್ಲ ಉಗುಳುವಂತಿಲ್ಲ. ಹಾಳೆ ಎತ್ತಿ ತೋರಿಸಿದರೆ ಅವನು ಗೆದ್ದ. ತಪ್ಪು ಅವನ ಕೈಯದಲ್ಲ, ಅವಳ ಕೈಯದು. ಆಣೆ ಉಳಿಯಿತು, ಇನ್ಶಿರಾ ತಾನೇ ಆಡಿದ ಮಾತಿನಂತೆ ಮನೆಯಲ್ಲಿ ಉಳಿಯಬೇಕು. ಆದರೆ ತಹಿಯ್ಯಾ ಸೋಫಾದಲ್ಲಿ ಕೂತಿದ್ದಳು. “ದೀಪಕ್ಕೆ ಪ್ಲಾಸ್ಟಿಕ್ ಸುತ್ತಿದ ಬೀಗಿತ್ತಿ” ಎಂಬ ಹೆಸರು ಸಂಜೆಯೊಳಗೆ ಊರು ಸುತ್ತುತ್ತದೆ. ರಬಾಬ್ ಇಲ್ಲಿ ಬಾಳುವಷ್ಟು ಕಾಲ ಅದನ್ನು ಕೇಳಬೇಕು. ಇನ್ಶಿರಾ ಮಗಳ ಮನೆಗೆ ತಲೆ ತಗ್ಗಿಸಿಕೊಂಡು ಬರಬೇಕು. ಅವಳನ್ನು ಇಟ್ಟುಕೊಳ್ಳಬೇಕಾದರೆ ಅವಳ ಮಾನ ತೆಗೆಯಬೇಕು, ಮಾನ ಉಳಿಸಬೇಕಾದರೆ ಅವಳನ್ನು ಕಳೆದುಕೊಳ್ಳಬೇಕು.

ಅಷ್ಟೇ ಆಗಿದ್ದರೆ ಅವನು ಏನು ಮಾಡುತ್ತಿದ್ದನೋ ಏನೋ. ಇನ್ನೊಂದು ಮಾತೂ ಇತ್ತು, ಅದು ಅವನಿಗೆ ಮಾತ್ರ ಗೊತ್ತಿತ್ತು. ಆ ಬೆಳಿಗ್ಗೆ ಅವನು ಉಗುರು ಎಳೆದಿರಲಿಲ್ಲ.

ಪಟ್ಟಿಯಿಂದ ಹಾಳೆಯನ್ನು ಕಿತ್ತು ಅಂಗೈಯಲ್ಲಿ ಮುದುರಿ ಮುಷ್ಟಿ ಹಿಡಿದ. ತಿರುಗಿದ.

“ಪಟ್ಟಿ ಚೆನ್ನಾಗಿದೆ ಬೀಗರೇ. ತಾಮ್ರ ಗಟ್ಟಿಯಾಗೇ ಇದೆ” ಎಂದ. “ತಪ್ಪು ನನ್ನ ಕೈದು. ಅಂಟಿಸೋ ಮುಂಚೆ ಪರೀಕ್ಷೆ ಮಾಡ್ಲಿಲ್ಲ. ಪಟ್ಟಿ ಲೋಹಕ್ಕೆ ಕೂತೇ ಇಲ್ಲ.”

ಗೆದ್ದ ಶೆಹಾತಾನ ಮುಖದಲ್ಲಿ ಗೆಲುವು ಇರಲಿಲ್ಲ. “ಬಿಡಪ್ಪ, ಬಿಡು, ಹೊಸ ಪಟ್ಟಿ ನಾನೇ ತರ್ತೀನಿ” ಎಂದು ತೊದಲಿದ. ಇನ್ಶಿರಾ ಎದ್ದಳು. ಮಗಳ ಹಣೆಗೆ ಮುತ್ತಿಟ್ಟಳು. ಗಂಡನ ಕಡೆ ನೋಡಲಿಲ್ಲ. ಮೆಟ್ಟಿಲು ಇಳಿಯುವ ಸದ್ದು ಒಂದೊಂದಾಗಿ ಕೇಳಿಸಿತು.

“ಅಪ್ಪ, ಹೋಗು!” ಎಂದು ರಬಾಬ್ ಕಿರುಚಿದಳು. ಅವನು ಓಡಿದ.

ಬುರ್ಜ್‌ಗೆ ಹೋಗುವ ಮೈಕ್ರೋಬಸ್ಸು ಬೀದಿಯ ಕೊನೆಯಲ್ಲಿ ನಿಲ್ಲುತ್ತದೆ. ಇನ್ಶಿರಾ ಅಲ್ಲಿ ನಿಂತಿದ್ದಳು. ಐವತ್ತೊಂಬತ್ತರ ಮನುಷ್ಯ ನಾಲ್ಕು ಮಹಡಿ ಇಳಿದು ಓಡಿಬಂದು ಏದುಸಿರು ಬಿಡುತ್ತಿದ್ದರೂ ಅವಳು ಅವನನ್ನು ನೋಡಲಿಲ್ಲ.

“ಕೈ ಮೇಲೆ ನಂಬಿಕೆ ಇದೆ ಅಂದಿದ್ದೆ” ಎಂದಳು. “ಅದನ್ನೂ ಕಳೆದೆ.”

“ರಬಾಬಳ ಅವ್ವ, ಕೇಳು.”

“ಮುಷ್ಟಿ ಯಾಕೆ ಹಾಗೆ ಹಿಡ್ಕೊಂಡಿದೀಯ? ನನ್ನ ಹೊಡೀತೀಯಾ?”

ಅವನಿಗೇ ಗೊತ್ತಿರಲಿಲ್ಲ, ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ಹಿಂದಕ್ಕೆ ಬಚ್ಚಿಟ್ಟ. ಅವಳು ಅವನ ಮಣಿಕಟ್ಟು ಹಿಡಿದು ಮುಂದಕ್ಕೆ ಎಳೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮುದುರಿದ ಹಾಳೆ ಅಂಗೈಯಲ್ಲಿ ಚಟಪಟ ಎಂದು ಅರಳಿಕೊಂಡಿತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ತುದಿಯ ಕತ್ತರಿ ಗುರುತು ನೋಡಿದಳು. ಮೈಕ್ರೋಬಸ್ಸು ಬಂದು ನಿಂತಿತು. ಕಂಡಕ್ಟರು “ಬುರ್ಜ್, ಬುರ್ಜ್!” ಎಂದು ಕೂಗಿ, ಈ ಹೆಂಗಸು ಹತ್ತುವುದಿಲ್ಲವೆಂದು ಹೊರಟುಹೋದ.

“ಇದು ನಾನು...” ಎಂದಳು.

“ಹೌದು.”

“ಗೀರು ಬೀಳುತ್ತೇಂತ...”

“ಗೊತ್ತು.”

ಇನ್ಶಿರಾ ಬೀದಿಯಲ್ಲೇ ಅಳತೊಡಗಿದಳು. ಅಳುತ್ತಲೇ ಬೈಗುಳ ಶುರುವಾಯಿತು.

“ಮೂವತ್ತೊಂದು ವರ್ಷ! ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ‘ತಪ್ಪು ನಂದು’ ಅಂದಿದ್ದೀಯಾ ನೀನು? ಅನ್ನ ಸೀದ್ರೂ ನಂದು, ನಲ್ಲಿ ಸೋರಿದ್ರೂ ನಂದು, ಮಳೆ ಬಂದ್ರೂ ನಂದು! ಕೊನೆಗೂ ಆ ಮಾತು ಬಾಯಿಂದ ಬಂತು, ನನ್ನ ಮನೆ ಮುರಿಯೋ ದಿವಸವೇ ಬರಬೇಕಾಗಿತ್ತಾ?”

“ಮತ್ತೇನು ಹೇಳ್ಬೇಕಿತ್ತು? ತಹಿಯ್ಯಾ ಅಲ್ಲಿ ಕೂತಿದ್ಲು.”

“ಕೂತಿದ್ರೆ? ಅವಳೇನು ಹುಲಿನಾ?” ಅವಳು ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು. “ನಡಿ ಮೇಲೆ.”

ನಾಲ್ಕು ಮಹಡಿ ಅವಳು ಮುಂದೆ, ಅವನು ಹಿಂದೆ. ಒಳಗೆ ಯಾರೂ ಕೂತ ಜಾಗದಿಂದ ಎದ್ದಿರಲಿಲ್ಲ. ಇನ್ಶಿರಾ ನೇರ ಹೋಗಿ ಸೋಫಾದ ಮುಂದಿನ ಮೇಜಿನ ಮೇಲೆ ಹಾಳೆಯನ್ನು ಇಟ್ಟಳು.

“ಈ ಹಾಳೆ ನಂದು. ಚಾನೆಲಿನ ಒಳಗೆ ನಾನೇ ಹಾಕಿದ್ದೆ, ಗೀರು ಬೀಳಬಾರ್ದೂಂತ. ಇವನಿಗೆ ಹೇಳಿರ್ಲಿಲ್ಲ. ಅದಕ್ಕೇ ದೀಪ ಸತ್ತಿದ್ದು. ಇವನ ಕೈದೇನೂ ತಪ್ಪಿಲ್ಲ. ಹಾಜ್ಜಾ, ನಗೋದಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ನನ್ನ ಮಗಳ ಮುಂದೆ ನಗಬೇಡಿ.”

ತಹಿಯ್ಯಾಳ ಬಾಯಿ ತೆರೆದಿತ್ತು, ನಗು ಅಲ್ಲೇ ಬಾಗಿಲಲ್ಲಿತ್ತು. ಶೆ‌ಹಾತಾ ಅವಳ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದ. ಅವಳು ಬಾಯಿ ಮುಚ್ಚಿಕೊಂಡಳು. ತಾನು ಕೂತ ಸೋಫಾದ ಪ್ಲಾಸ್ಟಿಕ್ಕನ್ನು ಒಮ್ಮೆ ನೋಡಿಕೊಂಡಳು ಕೂಡ.

“ಹಂಗಾದ್ರೆ ಆಯ್ತಲ್ಲ!” ಶೆಹಾತಾ ಎರಡೂ ಕೈ ತಟ್ಟಿದ. “ಮಾಲಿಂದೂ ತಪ್ಪಲ್ಲ, ಕೈದೂ ತಪ್ಪಲ್ಲ. ಆಣೆ ಯಾರ ಮೇಲೂ ಬೀಳ್ಲಿಲ್ಲ. ರಬಾಬ್, ಚಹ ಇಡಮ್ಮ.”

“ಬಿದ್ದಿದೆ” ಎಂದ ಮೆತ್ವಲ್ಲಿ, ಬಾಗಿಲಲ್ಲೇ ನಿಂತು.

ಎಲ್ಲರೂ ಅವನ ಕಡೆ ತಿರುಗಿದರು.

“ಹಾಳೆ ಇವಳದ್ದು, ನಿಜ. ಹಾಳೆ ಇರ್ಲಿ, ಧೂಳಿರ್ಲಿ, ಎಣ್ಣೆ ಇರ್ಲಿ, ಉಗುರು ಎಳೆದಿದ್ರೆ ಗೊತ್ತಾಗ್ತಿತ್ತು. ಊರಿಗೆಲ್ಲ ಹೇಳ್ಕೊಟ್ಟಿದ್ದು ನಾನು. ಆವತ್ತು ಎಳೀಲಿಲ್ಲ. ಲಾರಿಯವ್ರು ಹಾರ್ನ್ ಹೊಡೀತಿದ್ರು, ನಾನು ಮೆರೆಯೋ ಆತುರದಲ್ಲಿದ್ದೆ. ತಪ್ಪು ನನ್ನ ಕೈದೇ.”

“ಏ ಮಾರಾಯ!” ಶೆಹಾತಾ ತಲೆ ಚಚ್ಚಿಕೊಂಡ. “ಈಗಷ್ಟೇ ನಿನ್ನ ಹೆಂಡತಿ ನಿನ್ನ ಹಗ್ಗ ಬಿಚ್ಚಿದ್ಲು. ಮತ್ತೆ ಯಾಕಯ್ಯಾ ಕುತ್ತಿಗೆ ಕೊಡ್ತೀಯ?”

ಮೆತ್ವಲ್ಲಿ ನೋಡುತ್ತಿದ್ದದ್ದು ಇನ್ಶಿರಾಳನ್ನು. ಅವಳಿಗೆ ಸುಳ್ಳಿನ ಮೇಲೆ ಕಟ್ಟಿದ ಸಂಸಾರ ಬೇಕಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಹೋಗುತ್ತಾಳೋ ಇರುತ್ತಾಳೋ ಎನ್ನುವುದು ಗೊತ್ತಿರಲಿಲ್ಲ. ಭಯವಾಗುತ್ತಿತ್ತು, ಜೀವಮಾನದಲ್ಲಿ ಇಷ್ಟು ಭಯ ಅವನಿಗೆ ಆಗಿರಲಿಲ್ಲ.

ಇನ್ಶಿರಾ ಅವನ ಮುಖ ನೋಡಿದಳು. ಅವಳ ತಂದೆ ತಕ್ಕಡಿ ನೋಡಿದ ಮೇಲೂ ಮೀನು ಮೂರು ಕಿಲೋ ಎಂದೇ ವಾದಿಸಿದ್ದ, ಸಾಯುವ ತನಕ. ಈ ಮನುಷ್ಯ ಗೆದ್ದ ಮೇಲೂ ಸೋತೆ ಎನ್ನುತ್ತಿದ್ದ.

ಅವಳು ಕೈಚೀಲವನ್ನು ಕುರ್ಚಿಗೆ ನೇತುಹಾಕಿದಳು.

“ಹತ್ತು ಜನಕ್ಕೆ ಊಟ ಹಾಕ್ಬೇಕು ಅಂದ್ರಲ್ಲ ಶೇಖರು” ಎಂದಳು. “ಅಡುಗೆ ನೀನೇ ಮಾಡ್ಬೇಕು. ನಾನು ಈರುಳ್ಳಿ ಕೂಡ ಮುಟ್ಟಲ್ಲ.”

“ಮಾಡ್ತೀನಿ.”

“ಆ ಮಾತು ಇನ್ನೊಂದ್ಸಲ...”

“ಇಲ್ಲ!” ಮೆತ್ವಲ್ಲಿ ಎರಡು ಹೆಜ್ಜೆ ಮುಂದೆ ಬಂದು ಬಲಗೈ ಎತ್ತಿದ. “ದೇವರಾಣೆ, ನನ್ನ ಮಗಳಾಣೆ...”

“ಆಣೆ ಹಾಕ್ಬೇಡ” ಎಂದಳು ಇನ್ಶಿರಾ. “ಬರೀ ಹೇಳು.”

ಅವನು ಕೈ ಇಳಿಸಿದ. ಬರೀ ಹೇಳಿದ.